ತೊಟ್ಟಿಲು ಹೊರದ ತೊಲೆ

ಕೊಳ್ಳುವ ಮುಂಚೆ ತಟ್ಟಿ ನೋಡುವುದು ನಮ್ಮ ಜನರ ಹುಟ್ಟುಗುಣ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ಆಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿ, ಅಂಗಡಿಯವನ ಮುಖ ನೋಡುತ್ತೇವೆ. ಕಲ್ಲಂಗಡಿಯನ್ನು ತಟ್ಟುತ್ತೇವೆ, ಮಡಕೆಯನ್ನು ತಟ್ಟುತ್ತೇವೆ, ಹಲಸಿನ ಹಣ್ಣನ್ನಂತೂ ಬೆನ್ನು ತಟ್ಟಿ ಮಾತಾಡಿಸುತ್ತೇವೆ. ನನ್ನ ವಿಷಯ ಹೇಳುವುದಾದರೆ, ತಟ್ಟುವುದಕ್ಕೇ ಜೀವಮಾನವೆಲ್ಲ ಸಂಬಳ ತೆಗೆದುಕೊಂಡವನು ನಾನು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಎರಕ ಹೊಯ್ದು ಬಂದ ಕಬ್ಬಿಣದ ಭಾಗಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ನನ್ನ ಕೆಲಸವಾಗಿತ್ತು. ನಾನು ಬೇಡವೆಂದರೆ ಅದು ಗುಜರಿಗೆ, ಮಾಲೀಕರೂ ಮಾತಾಡುತ್ತಿರಲಿಲ್ಲ. ಇಂಥ ನಾನು, ನಿವೃತ್ತನಾದ ಮೇಲೆ, ಕೈಲಿದ್ದದ್ದನ್ನೆಲ್ಲ ಹಾಕಿ, ಸಾಲದ್ದಕ್ಕೆ ಸಾಲವನ್ನೂ ಮಾಡಿ ಒಂದು ಮನೆ ಕೊಂಡೆ. ಅದನ್ನು ಮಾತ್ರ ತಟ್ಟಿ ನೋಡಲಿಲ್ಲ.

ಮನೆ ಇರುವುದು ಹೂಡಿಯ ಆಚೆಗೆ ಎದ್ದ ಒಂದು ಬಡಾವಣೆಯಲ್ಲಿ. ಅದಕ್ಕೆ ಓಕ್ ಮರ, ಹುಲ್ಲುಗಾವಲು, ಜಮೀನ್ದಾರಿಕೆ ಎಲ್ಲವೂ ಸೇರಿದ ಉದ್ದದ ಇಂಗ್ಲಿಷ್ ಹೆಸರಿದೆ. ಅದು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ, ಆಟೋದವರ ನಾಲಿಗೆಯಲ್ಲೂ ಹೊರಳುವುದಿಲ್ಲ. ಅವರು 'ಪಟ್ಟೆಮನೆ' ಎನ್ನುತ್ತಾರೆ, ಅದೇ ಸರಿ. ಬಿಳಿ ಗೋಡೆಯ ಮೇಲೆ ಕಡುಗಂದು ಬಣ್ಣದ ಮರದ ಪಟ್ಟೆಗಳು ಉದ್ದಕ್ಕೆ, ಅಡ್ಡಕ್ಕೆ, ಓರೆಗೆ. ಕಡಿದಾದ ಮಾಡು, ಅದರ ತುದಿಯಲ್ಲಿ ಹೊಗೆಯನ್ನೇ ಕಾಣದ ಒಂದು ಚಿಮಣಿ. ಬಡಾವಣೆಯ ಮನೆಗಳೆಲ್ಲ ಹೀಗೆಯೇ. ಬಿಲ್ಡರ್ ಒಮ್ಮೆ ಇಂಗ್ಲೆಂಡಿಗೆ ಹೋಗಿದ್ದಾಗ ಯಾವುದೋ ಹಳ್ಳಿಯಲ್ಲಿ ಶತಮಾನಗಳಷ್ಟು ಹಳೆಯ ರೈತನ ಮನೆಯೊಂದನ್ನು ನೋಡಿ ಮನಸೋತು, ಫೋಟೋ ತೆಗೆದುಕೊಂಡು ಬಂದರಂತೆ. ಆ ಫೋಟೋವನ್ನು ಕ್ಲಬ್ ಹೌಸಿನಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ, ಕೆಳಗೆ ವಿವರಣೆ ಸಮೇತ.

ನಮಗೆ ಹಾಲು ಕೊಡುವ ಮುನಿಯಮ್ಮ ಹೂಡಿಯ ಹಳೇ ಒಕ್ಕಲು. ಈ ಬಡಾವಣೆ ಎದ್ದ ಜಾಗದಲ್ಲಿ ಒಂದು ಕಾಲಕ್ಕೆ ಅವಳ ಮನೆಯವರೇ ರಾಗಿ ಬೆಳೆಯುತ್ತಿದ್ದರು. ಗೃಹಪ್ರವೇಶದ ಮರುದಿನ ಬಂದವಳು ಸೊಂಟದ ಮೇಲೆ ಕೈಯಿಟ್ಟು ಮನೆಯನ್ನು ಮೇಲಿಂದ ಕೆಳಗೆ ನೋಡಿ, ಬಹಳ ಮರುಕದಿಂದ ಕೇಳಿದಳು: "ಯಾಕ್ ಸಾರ್, ಗಿಲಾವ್ ಮಾಡ್ಸಕ್ಕೆ ಕಾಸು ಸಾಲ್ದೆ ಓಯ್ತಾ? ಮರ ಎಲ್ಲಾ ಇಂಗೆ ಈಚ್ಗೇ ಕಾಣ್ತೈತೆ." ಅದು ಹಾಗಲ್ಲ ಮುನಿಯಮ್ಮ, ಅದು ಶೈಲಿ ಎಂದೆ. "ನಮ್ದೂ ಅಂಗೇ ಇತ್ತು, ತೊಲೆ ಮರ, ಮಣ್ಣಿನ್ ಗೋಡೆ. ಜನ ಆಡ್ಕೋತಾರೆ ಅಂತ ನನ್ ಮಗ ಕೆಡವಿ ಬಾಡಿಗೆ ರೂಮ್ ಕಟ್ಸವ್ನೆ" ಎಂದು ಹಾಲು ಅಳೆದು ಕೊಟ್ಟು ಹೋದಳು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಆ ಫೋಟೋದ ಮನೆಯ ಮೇಲೆ ನನಗೆ ಎಳ್ಳಷ್ಟೂ ಕೋಪವಿಲ್ಲ. ವಿವರಣೆಯನ್ನು ನಾನು ಕನ್ನಡಕ ಒರೆಸಿಕೊಂಡು ಪೂರ್ತಿ ಓದಿದ್ದೇನೆ. ಆ ರೈತ ಓಕ್ ಮರ ಕಡಿದು, ಹಸಿ ಇರುವಾಗಲೇ ಕೆತ್ತಿ, ಕಂಬಕ್ಕೆ ತೊಲೆ, ತೊಲೆಗೆ ಜಂತೆ ಹೀಗೆ ಒಂದಕ್ಕೊಂದು ಕೂಡಿಸಿ, ಕಬ್ಬಿಣದ ಮೊಳೆಯಿಲ್ಲದೆ ಬರೀ ಮರದ ಬೆಣೆ ಬಡಿದು ಚೌಕಟ್ಟು ನಿಲ್ಲಿಸಿದ. ಮರ ಒಣಗಿದಂತೆಲ್ಲ ತಿರುಚಿಕೊಂಡು ಬೆಣೆಗಳನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿತು. ಇಡೀ ಮನೆಯ ಭಾರ ಆ ಚೌಕಟ್ಟಿನ ಮೇಲೆ; ಗೋಡೆ ಏನನ್ನೂ ಹೊರುವುದಿಲ್ಲ, ಸುಮ್ಮನೆ ಗಾಳಿಗೆ ಅಡ್ಡ. ಹಾಗಾಗಿ ಕಂಬಗಳ ನಡುವೆ ಕಡ್ಡಿಗಳ ತಡಿಕೆ ಹೆಣೆದು, ಅದಕ್ಕೆ ಜೇಡಿಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದ. ಮಾಡಿನ ಕೆಳಗಿನ ತೊಲೆಗೆ ಮಾಂಸ ತೂಗುಹಾಕಿದ, ಈರುಳ್ಳಿ ಗೊಂಚಲು ಕಟ್ಟಿದ. ಮರ ಹೊರಗೆ ಕಂಡದ್ದು ಚಂದಕ್ಕಲ್ಲ. ಅಲ್ಲಿ ಇದ್ದುದರಿಂದ ಕಂಡಿತು. ಎಂಥ ಮರ್ಯಾದಸ್ಥ ಮನೆ! ಆ ರೈತ ಸಿಕ್ಕಿದ್ದರೆ ನಾನು ಕೈ ಕುಲುಕುತ್ತಿದ್ದೆ.

ಆ ವಿವರಣೆಯನ್ನು ನಾನು ಓದಿದ್ದಕ್ಕೂ ಒಂದು ಕಾರಣವಿದೆ. ಸಂಕ್ರಾಂತಿಯ ದಿನ ನನ್ನ ಹೆಂಡತಿ ರತ್ನ, ಮುನಿಯಮ್ಮನ ಹತ್ತಿರ ಒಂದು ಮುದ್ದೆ ಸಗಣಿ ತರಿಸಿ, ಬಾಗಿಲ ಮುಂದೆ ಒಂದಿಷ್ಟು ಜಾಗ ಸಾರಿಸಿ ರಂಗೋಲಿ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಬಡಾವಣೆಯ ಸಂಘದ ಕಾರ್ಯದರ್ಶಿಗಳು ಬಾಗಿಲಲ್ಲಿ ನಿಂತಿದ್ದರು. ಮೈಸೂರು ಕಡೆಯವರು, ಒಳ್ಳೆಯವರೇ, ಆದರೆ ಈ ಬಡಾವಣೆಗೆ ಬಂದ ಮೇಲೆ ಅರ್ಧ ಇಂಗ್ಲೆಂಡಿನವರಾಗಿದ್ದಾರೆ. ಸಗಣಿ ನಮ್ಮ ಮನೆಗಳ ಪಾರಂಪರಿಕ ಸ್ವರೂಪಕ್ಕೆ ಒಪ್ಪುವುದಿಲ್ಲ ಎಂದರು. ನಾನು ಅವರನ್ನು ಕ್ಲಬ್ ಹೌಸಿಗೆ ಕರೆದುಕೊಂಡು ಹೋಗಿ ವಿವರಣೆಯ ಮೇಲೆ ಬೆರಳಿಟ್ಟು ತೋರಿಸಿದೆ. "ನೋಡಿ ಸಾರ್, ಮೂಲ ಮನೆಯ ಗೋಡೆ ತುಂಬ ಸಗಣೀನೇ ಇದೆ." ಅವರು ಓದಿದರು. ಕ್ಷಣ ಹೊತ್ತು ಯೋಚಿಸಿದರು. ಆಮೇಲೆ ಸ್ವಲ್ಪವೂ ಅಳುಕದೆ ಹೇಳಿದರು: "ಅದು ಹೆರಿಟೇಜ್ ಸಾರ್. ನಿಮ್ದು ಸಗಣಿ."

ಇರಲಿ. ಇದು ಸಗಣಿಯ ಕಥೆಯಲ್ಲ, ತೊಲೆಯ ಕಥೆ. ಮನೆ ನೋಡಲು ಬಂದ ಮೊದಲ ದಿನ ನಾನು ನಲ್ಲಿ ತಿರುಗಿಸುತ್ತ, ಬಾಗಿಲ ಚಿಲಕ ಎಳೆಯುತ್ತ ನನ್ನ ಜಾಣತನ ತೋರಿಸುತ್ತಿದ್ದೆ. ರತ್ನ ಮಾತ್ರ ಹಾಲಿನ ನಡುವೆ ತಲೆಯೆತ್ತಿ ನಿಂತುಬಿಟ್ಟಳು. ಈ ಗೋಡೆಯಿಂದ ಆ ಗೋಡೆಯವರೆಗೆ, ಅಪ್ಪಿಕೊಂಡರೆ ತೋಳಿಗೆ ಸಿಗದಷ್ಟು ದಪ್ಪನೆಯ ತೊಲೆ. ಮೇಲೆಲ್ಲ ಬಾಚಿಯಿಂದ ಕೆತ್ತಿದ ಗುರುತು, ಅಲ್ಲಲ್ಲಿ ಗಂಟು, ಒಂದು ಕಡೆ ಉದ್ದಕ್ಕೆ ಸೀಳಿದ ಬಿರುಕು. "ನಮ್ಮಮ್ಮನ ತೊಟ್ಟಿಲು ಕಟ್ಟೋಕೆ ಜಾಗ ಸಿಕ್ತು ಕಣ್ರೀ" ಎಂದಳು. ಅವಳು ಮಲಗಿದ್ದ, ನಮ್ಮ ಮಗಳು ಸುಮಾ ಮಲಗಿದ್ದ ಮರದ ತೊಟ್ಟಿಲು ಅದು. ನಾವು ಇದ್ದ ಬಾಡಿಗೆ ಮನೆಗಳಲ್ಲಿ ಎಲ್ಲೂ ತೊಲೆಯಿರಲಿಲ್ಲ. ಸುಮಾಳ ನಾಮಕರಣ ಕೂಡ ನೆಂಟರ ಮನೆಯಲ್ಲಿ, ಅವರ ತೊಲೆಗೆ ತೊಟ್ಟಿಲು ಕಟ್ಟಿ ಮುಗಿಸಿದ್ದೆವು. ಅದು ರತ್ನಳ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು. ಈಗ ಸುಮಾ ಬಸುರಿ. ಆ ಕ್ಷಣದಲ್ಲೇ ಮನೆ ನಿಶ್ಚಯವಾಯಿತು. ನಲ್ಲಿ ಸೋರುತ್ತಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಸುಮಾ ಹೆಣ್ಣು ಹೆತ್ತಳು. ನಾಮಕರಣ ತವರಿನಲ್ಲಿ ಎಂದು ಗೊತ್ತಾಯಿತು. ಬೀಗರು ದಾವಣಗೆರೆಯವರು, ಭಾನುವಾರ ಬೆಳಿಗ್ಗೆ ಬರುವವರಿದ್ದರು. ಬೀಗಿತ್ತಿ ಫೋನಿನಲ್ಲಿ ಒಂದು ಮಾತು ಒತ್ತಿ ಹೇಳಿದ್ದರು: ಮಗುವಿಗಿಂತ ಮೊದಲು ತೊಟ್ಟಿಲಿಗೆ ಗುಂಡಪ್ಪ ಏರಬೇಕು. ಗುಂಡಪ್ಪ ಎಂದರೆ ಅವರ ಮನೆಯ ಗುಂಡುಕಲ್ಲು. ಅದಕ್ಕೆ ಕುಲಾವಿ ತೊಡಿಸಿ, ಬಟ್ಟೆ ಸುತ್ತಿ, ಮಗುವಿನಂತೆ ಮಲಗಿಸಿ ತೂಗಿ, ಆಮೇಲೆ ಮಗುವನ್ನು ಮಲಗಿಸುವುದು. ಮಗು ಕಲ್ಲಿನಂತೆ ಗಟ್ಟಿಯಾಗಿರಲಿ ಎಂಬ ಹಾರೈಕೆ. "ಗಟ್ಟಿ ತೊಲೆ ಐತಲ್ರೀ ನಿಮ್ಮನೇಲಿ, ಸುಮಾ ಹೇಳಿದ್ಲು" ಎಂದರು. ರತ್ನ ಹೆಮ್ಮೆಯಿಂದ, ಹೂಂ, ಬನ್ನಿ ನೋಡಿ ಎಂದಳು.

ಕಲ್ಲು ಏರುತ್ತದೆ ಎಂದ ಮೇಲೆ ನನ್ನೊಳಗಿನ ಪರೀಕ್ಷಕ ಎಚ್ಚರಗೊಂಡ. ಶುಕ್ರವಾರ ಬೆಳಿಗ್ಗೆ ಹಗ್ಗ ಹಿಡಿದು ಏಣಿ ಹತ್ತಿದೆ. ಹತ್ತಿದ ಮೇಲೆ ಗೊತ್ತಾಯಿತು, ಹಗ್ಗ ಹಾಯಿಸಲು ತೊಲೆಯ ಮೇಲೆ ಸಂದೇ ಇಲ್ಲ. ಅದು ಛಾವಣಿಗೆ ಅಂಟಿಕೊಂಡು ಕೂತಿದೆ. ಸರಿ, ಕೊಕ್ಕೆ ಹಾಕೋಣ ಎಂದು ಡ್ರಿಲ್ಲಿಂಗ್ ಮೆಷಿನ್ ತಂದು ತೊಲೆಯ ಹೊಟ್ಟೆಗೆ ಇಟ್ಟೆ. ಓಕ್ ಮರ, ಗಟ್ಟಿ ಇರುತ್ತದೆ ಎಂದು ಹಲ್ಲು ಕಚ್ಚಿ ಒತ್ತಿದೆ. ಮೆಷಿನ್ ಬಾಳೆಹಣ್ಣಿನೊಳಗೆ ಹೋದಂತೆ ಸರ್ರನೆ ಒಳಗೆ ಹೋಯಿತು, ಅದರ ಹಿಂದೆ ನಾನೂ ಹೋಗುತ್ತಿದ್ದೆ. ತೂತಿನಿಂದ ಬಿಳಿ ಬಿಳಿ ಥರ್ಮಾಕೋಲ್ ಕಾಳುಗಳು ನನ್ನ ತಲೆಯ ಮೇಲೆ, ಹೆಗಲ ಮೇಲೆ, ಹುಬ್ಬಿನ ಮೇಲೆ ಉದುರಿದವು. ಇಂಗ್ಲಿಷ್ ಮನೆಗೆ ಕೊನೆಗೂ ಇಂಗ್ಲಿಷ್ ಹಿಮ ಬಿತ್ತು.

ಆಗಲೇ ಇಳಿದು ಸುಮ್ಮನಾಗಬೇಕಿತ್ತು. ಆದರೆ ಪರೀಕ್ಷೆಯನ್ನು ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ. ಹೊರಗಿನ ಕಡೆ ಗಟ್ಟಿ ಇರಬಹುದು ಎಂಬ ಆಸೆಯಿಂದ ಕೊಕ್ಕೆ ಸಿಕ್ಕಿಸಿ, ಅಕ್ಕಿಯ ಚೀಲವನ್ನು ತೂಗುಹಾಕಿದೆ. ತೊಲೆ ಒಮ್ಮೆ ನಿಟ್ಟುಸಿರಿಟ್ಟಿತು. ಆಮೇಲೆ ಒಂದು ತುದಿ ಗೋಡೆ ಬಿಟ್ಟು, ಬಾಯಿ ತೆರೆದು, ಅಕ್ಕಿ ಚೀಲದ ಸಮೇತ ಕೆಳಗೆ ಜೋತುಬಿದ್ದಿತು. ಒಳಗೆ ಬರೀ ಥರ್ಮಾಕೋಲ್. ಮೇಲೆ ಉಗುರಿನಷ್ಟು ದಪ್ಪದ ಫೈಬರ್ ತೊಗಟೆ. ಬಾಚಿ ಗುರುತು, ಗಂಟು, ಬಿರುಕು ಎಲ್ಲವೂ ಅಚ್ಚಿನಲ್ಲಿ ಹೊಯ್ದದ್ದು. ಬಿರುಕು ಇಲ್ಲದ ಎರಕಕ್ಕಾಗಿ ಜೀವ ತೇಯ್ದ ನನಗೆ, ಬೇಕೆಂದೇ ಬಿರುಕನ್ನು ಎರಕ ಹೊಯ್ಯುವ ಜನರೂ ಇದ್ದಾರೆಂದು ಅಂದು ತಿಳಿಯಿತು.

ರತ್ನ ಅಡುಗೆಮನೆಯಿಂದ ಓಡಿ ಬಂದಳು. ಚೀಲ ಹರಿದು ನೆಲದ ತುಂಬ ಚೆಲ್ಲಿದ್ದ ಅಕ್ಕಿಗೆ ಅವಳು ಏನೂ ಅನ್ನಲಿಲ್ಲ. ಜೋತಾಡುತ್ತಿದ್ದ ತೊಲೆಯನ್ನೇ ನೋಡುತ್ತ ನಿಂತಳು. "ಹಂಗಾದ್ರೆ ಇದೂ ಬಾಡಿಗೆ ಮನೆ ಥರಾನೇ" ಎಂದಳು. ಅವಳ ಕಣ್ಣು ತುಂಬಿತ್ತು. ಅವಳು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಬಿಲ್ಡರ್ ಕಚೇರಿಯ ಮಹೇಶನಿಗೆ ಫೋನ್ ಮಾಡಿದೆ. ಮನೆ ತೋರಿಸಿ ಮಾರಿದವನೂ ಅವನೇ, ದೂರು ಕೇಳುವವನೂ ಅವನೇ. "ನಿಮ್ಮ ತೊಲೆ ಬಿದ್ದುಹೋಯ್ತು ಕಣ್ರೀ" ಎಂದೆ.

"ತೊಲೆನಾ? ಯಾವ ತೊಲೆ ಸಾರ್? ಓ, ಅದಾ! ಅದು ಬೀಮ್ ಅಲ್ಲ ಸಾರ್, ಫೀಚರ್."

"ಹಂಗಂದ್ರೆ?"

"ಫೀಚರ್ ಅಂದ್ರೆ ಫೀಚರ್ ಸಾರ್. ಅದಕ್ಕೆ ಲೋಡ್ ಕೊಡಬಾರ್ದು. ನೀವು ಅದಕ್ಕೆ ಏನಾದ್ರೂ ನೇತುಹಾಕಿದ್ರಾ?"

ಅವನ ದನಿಯಲ್ಲಿ ಎಂಥ ಆಘಾತವಿತ್ತೆಂದರೆ, ಒಂದು ನಿಮಿಷ ನಾನೇ ತಪ್ಪಿತಸ್ಥನೇನೋ ಅನ್ನಿಸಿತು. ತೊಲೆಗೆ ತೊಟ್ಟಿಲು ಕಟ್ಟದೆ ಇನ್ನೇನು ಕಟ್ಟುತ್ತಾರಯ್ಯ, ಹಾಗಾದರೆ ಅದು ಇರುವುದಾದರೂ ಯಾತಕ್ಕೆ ಎಂದು ಕೂಗಿದೆ. "ನೋಡೋಕೆ ಸಾರ್" ಎಂದ ಅವನು. ಮಧ್ಯಾಹ್ನ ಗೋಂದಿನ ಡಬ್ಬಿ ಹಿಡಿದುಕೊಂಡು ಬಂದು, ಥರ್ಮಾಕೋಲನ್ನು ಒಳಗೆ ತುಂಬಿ, ತೊಲೆಯನ್ನು ಮೇಲಕ್ಕೆತ್ತಿ ಅಂಟಿಸಿದ. ಗೋಂದು ಒಣಗುವವರೆಗೆ ಅಲುಗಾಡಬಾರದಂತೆ. ಏಣಿಯ ಮೇಲೆ ನಾನು, ಸ್ಟೂಲಿನ ಮೇಲೆ ಅವನು, ಕೆಳಗಿನಿಂದ ನೆಲ ಒರೆಸುವ ಕೋಲು ಊರಿಕೊಂಡು ರತ್ನ. ಮನೆಯನ್ನು ಹೊರಬೇಕಾದ ತೊಲೆಯನ್ನು ಮನೆಯವರೆಲ್ಲ ಸೇರಿ ಹೊತ್ತೆವು. ಛಾವಣಿಗೇ ಕೊಕ್ಕೆ ಹಾಕಿಕೊಡು ಎಂದು ಕೇಳಿದರೆ, "ಫಾಲ್ಸ್ ಸೀಲಿಂಗ್ ಒಳಗೆ ವೈರಿಂಗ್ ಎಲ್ಲೆಲ್ಲಿ ಹೋಗಿದೆ ಅಂತ ನಮಗೂ ಗೊತ್ತಿಲ್ಲ ಸಾರ್" ಎಂದ. ಇದೊಂದನ್ನು ಅವನು ಪ್ರಾಮಾಣಿಕವಾಗಿ ಹೇಳಿದ.

ಸಿಟ್ಟು ಇಳಿಸಿಕೊಳ್ಳಲು ಹೊರಗೆ ನಡೆದೆ. ಮುಖ್ಯರಸ್ತೆಯಲ್ಲಿ ಮೆಟ್ರೋ ಕಂಬಗಳು ಎದ್ದು ನಿಂತಿದ್ದವು, ಮೇಲೆ ಇನ್ನೂ ಏನೂ ಬಂದಿರಲಿಲ್ಲ. ಎಂಥ ಊರಿದು! ಹೊರಗೆ ತೊಲೆಯಿಲ್ಲದ ಕಂಬ, ಒಳಗೆ ಕಂಬವಿಲ್ಲದ ತೊಲೆ. ಎರಡರ ನಡುವೆ ನನ್ನಂಥವರು ಇಎಂಐ ಕಟ್ಟುತ್ತ ಓಡಾಡಬೇಕು. ಮನೆಗೆ ಬಂದರೆ ಬಾಣಂತಿ ಕೋಣೆಯಿಂದ ಸುಮಾ ಕೂಗಿದಳು: "ಅಪ್ಪಾ, ಆನ್‌ಲೈನಲ್ಲಿ ಸ್ಟ್ಯಾಂಡ್ ತೊಟ್ಟಿಲು ಸಿಗತ್ತೆ, ನಾಳೆನೇ ತಂದ್ಕೊಡ್ತಾರೆ." ರತ್ನ, ತೊಳೆದು, ಅರಿಶಿನ ಹಚ್ಚಿ ಇಟ್ಟಿದ್ದ ಅಮ್ಮನ ತೊಟ್ಟಿಲಿನ ಪಕ್ಕದಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದಳು.

ಕಿಟಕಿಯಾಚೆ ಬಡಾವಣೆಯ ಮುಂದಿನ ಸಾಲು ಕಟ್ಟುತ್ತಿದ್ದರು. ಯಾದಗಿರಿ ಕಡೆಯಿಂದ ಬಂದ ಕೂಲಿಯವರು. ಕಟ್ಟಡದ ಸುತ್ತ ಸಾರುವೆಗೆ ಕಟ್ಟಿದ ಸರ್ವೆ ಮರದ ಗಳುವಿನಿಂದ ಹಳೇ ಸೀರೆಯ ಜೋಲಿಯೊಂದು ತೂಗುತ್ತಿತ್ತು, ಅದರಲ್ಲಿ ಕೂಸು. ಸಿಮೆಂಟ್ ಬಾಂಡ್ಲಿ ಹೊತ್ತು ಹೋಗುವಾಗಲೆಲ್ಲ ತಾಯಿ ಒಂದು ಸಲ ತೂಗಿ ಹೋಗುತ್ತಿದ್ದಳು. ರತ್ನ ಎದ್ದಳು, ಸೆರಗು ಸಿಕ್ಕಿಸಿಕೊಂಡು ನೇರವಾಗಿ ಅಲ್ಲಿಗೆ ಹೋದಳು. ಏನು ಮಾತಾಡಿದಳೋ, ಆ ಹೆಂಗಸು ನಗುತ್ತ ಗೋಡೆಗೆ ಒರಗಿಸಿದ್ದ ಒಂದು ಗಳುವನ್ನು ತೋರಿಸಿ ಹೇಳಿದ್ದು ಮಾತ್ರ ನನಗೂ ಕೇಳಿಸಿತು: "ಒಯ್ರಿ ಅಮ್ಮಾರ, ಕೂಸಿಗಂದ್ರ ಯಾಕ ಬ್ಯಾಡ ಅನ್ಲಿ? ಕೆಲ್ಸ ಆದಮ್ಯಾಗ ಕೊಡ್ರಿ, ಇಲ್ಲಂದ್ರ ಮೇಸ್ತ್ರಿ ಒದರ್ತಾನ."

ಗಳುವನ್ನು ಹೊತ್ತು ತಂದದ್ದು ನಾನು. ಆದರೆ ಅದನ್ನು ಎಲ್ಲಿ ಊರುವುದು ಎಂದು ಕೇಳಿದಾಗ ರತ್ನ ನನ್ನ ಹೆಗಲನ್ನು ನೋಡಿದ ರೀತಿ ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಭಾನುವಾರ ಬೀಗರು ಬಂದರು. ರುದ್ರಪ್ಪನವರು ಆಜಾನುಬಾಹು, ಅಡಿಕೆ ಮಂಡಿಯ ವ್ಯಾಪಾರ, ಏನನ್ನೇ ಆಗಲಿ ಮುಟ್ಟಿ ನೋಡದೆ ಬಿಡುವವರಲ್ಲ. ಹಾಲಿಗೆ ಕಾಲಿಟ್ಟವರೇ ತಲೆಯೆತ್ತಿ, "ಏನ್ರೀ ಬೀಗ್ರೆ, ಭಾರಿ ತೊಲೆ ಹಾಕ್ಸೀರಲ್ಲ! ಸಾಗ್ವಾನಿ ಏನು?" ಎಂದು ತಮ್ಮ ಊರುಗೋಲನ್ನು ಮೇಲೆತ್ತಿದರು. ತಟ್ಟುವುದಕ್ಕೆ! ನಾನು ಹಾರಿ ಹೋಗಿ ಆ ಕೈಯನ್ನು ಎರಡೂ ಕೈಗಳಿಂದ ಹಿಡಿದು, ಬಿಡದೆ ಕುಲುಕುತ್ತ, ಪ್ರಯಾಣ ಸುಖವಾಗಿತ್ತೇ, ಮಳೆ ಹೇಗಿದೆ, ಅಡಿಕೆ ಧಾರಣೆ ಹೇಗಿದೆ ಎಂದು ಕೇಳಿದೆ. ಇಷ್ಟು ಪ್ರೀತಿಯ ಬೀಗರು ಸಿಕ್ಕರಲ್ಲ ಎಂದು ಅವರ ಕಣ್ಣು ಒದ್ದೆಯಾಯಿತು.

"ತೊಟ್ಟಿಲು ಎಲ್ಲಿ ಕಟ್ಟೀರಿ?" ಎಂದರು ಬೀಗಿತ್ತಿ, ತೊಲೆಯನ್ನೇ ನೋಡುತ್ತ. ರತ್ನ ಕುಂಕುಮದ ಬಟ್ಟಲು ಹಿಡಿದುಕೊಂಡು, ಹುಟ್ಟಿದಾಗಿನಿಂದ ಗೊತ್ತಿರುವ ಸಂಗತಿಯಂತೆ ಹೇಳಿದಳು: "ನಮ್ಮ ಕಡೆ ಮೊದಲನೇ ತೊಟ್ಟಿಲನ್ನ ತೊಲೆಗೆ ಕಟ್ಟಲ್ಲ ಕಣ್ರೀ. ಇಬ್ಬರು ತಾತಂದಿರು ಹೆಗಲ ಮೇಲೆ ಹೊರ್ತಾರೆ. ಹಂಗೆ ನಮ್ಮಲ್ಲಿ ಪದ್ಧತಿ."

ನಮ್ಮ ಕಡೆ ಎಂದರೆ ಯಾವ ಕಡೆ, ಆ ಪದ್ಧತಿ ಯಾವ ಕಾಲದ್ದು, ನನಗೂ ಗೊತ್ತಾಗಲಿಲ್ಲ. ಬೀಗಿತ್ತಿ ಮಾತ್ರ ಕೆನ್ನೆಗೆ ಕೈಯಿಟ್ಟು, "ಎಷ್ಟ್ ಚೆಂದ ಪದ್ಧತಿ ಐತ್ರೀ! ರೀ, ಬರ್ರಿ, ಹೆಗ್ಲು ಕೊಡ್ರಿ" ಎಂದು ಗಂಡನನ್ನು ಕರೆದೇಬಿಟ್ಟರು. ಹಾಲಿನ ನಟ್ಟನಡುವೆ, ಆ ಮಹಾ ತೊಲೆಯ ಸರಿಯಾಗಿ ಕೆಳಗೆ, ಒಂದು ತುದಿಯಲ್ಲಿ ರುದ್ರಪ್ಪನವರು, ಇನ್ನೊಂದು ತುದಿಯಲ್ಲಿ ನಾನು, ನಡುವೆ ಗಳು, ಗಳುವಿಗೆ ತೊಟ್ಟಿಲು. ಅವರು ನನಗಿಂತ ಒಂದು ಗೇಣು ಎತ್ತರ. ಹಾಗಾಗಿ ತೊಟ್ಟಿಲು ನನ್ನ ಕಡೆಗೇ ಜಾರುತ್ತಿತ್ತು, ಭಾರವೂ ನನ್ನ ಕಡೆಗೇ ವಾಲುತ್ತಿತ್ತು. ಗುಂಡಪ್ಪ ಏರಿದ. ಹೆಗಲ ಮೂಳೆ ನನ್ನ ಹೆಸರು ಹಿಡಿದು ಕರೆಯಿತು. ಹೆಂಗಸರು ಜೋಗುಳ ಶುರುಮಾಡಿದರು. ಹಾಡುವವರಿಗೆ ನಿಂತವರ ಕಷ್ಟ ಎಲ್ಲಿ ತಿಳಿಯಬೇಕು? ಒಬ್ಬರು ಮುಗಿಸಿದರೆ ಇನ್ನೊಬ್ಬರು, "ನಂದೂ ಒಂದಿದೆ ತಡೀರಿ" ಎನ್ನುತ್ತಿದ್ದರು. ಇಂಗ್ಲೆಂಡಿನ ಆ ಓಕ್ ತೊಲೆ ಶತಮಾನಗಳ ಕಾಲ ಹೇಗೆ ನಿಂತಿತೋ ಎಂಬ ಪ್ರಶ್ನೆ ನನ್ನನ್ನು ಮೊದಲ ಸಲ ಒಳಗಿನಿಂದ ಕಾಡಿತು.

ಆಮೇಲೆ ಮಗುವನ್ನು ಮಲಗಿಸಿದರು. ಹೆಸರು ಕಿವಿಯಲ್ಲಿ ಹೇಳಿದರು. ಅದು ಒಮ್ಮೆ ಆಕಳಿಸಿ, ನನ್ನ ಕಡೆ ವಾಲಿಕೊಂಡೇ ನಿದ್ದೆ ಹೋಯಿತು. ರತ್ನ ತೊಟ್ಟಿಲು ತೂಗುತ್ತಿದ್ದಳು, ಅವಳ ಮುಖ ನೋಡಿದೆ. ನೋವು ಇರಲಿಲ್ಲವೆಂದು ಸುಳ್ಳು ಹೇಳಲಾರೆ, ಆದರೆ ಆ ಗಳಿಗೆಯಲ್ಲಿ ಇನ್ನೂ ನಾಲ್ಕು ಜೋಗುಳಕ್ಕೆ ನಿಲ್ಲುತ್ತಿದ್ದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಫೋಟೋ ತೆಗೆಯಲು ಬಂದಿದ್ದವನು ಕಲಾವಿದ. ನೆಲದ ಮೇಲೆ ಅಂಗಾತ ಮಲಗಿ, ಕೆಳಗಿನಿಂದ ಮೇಲಕ್ಕೆ ಕ್ಲಿಕ್ಕಿಸಿದ್ದ. ಹಾಗೆ ತೆಗೆದ ಚಿತ್ರವೊಂದರಲ್ಲಿ ಗಳುವಿನ ಕಂದು ಬಣ್ಣ ತೊಲೆಯ ಕಂದು ಬಣ್ಣದಲ್ಲಿ ಬೆರೆತುಹೋಗಿತ್ತು. ಎರಡು ಪಕ್ಕದಲ್ಲಿ ಬೆವರುತ್ತಿದ್ದ ತಾತಂದಿರು ಅಂದ ಕೆಡಿಸುತ್ತಾರೆಂದು ಅವನು ನಮ್ಮಿಬ್ಬರನ್ನೂ ಕತ್ತರಿಸಿಹಾಕಿದ್ದ. ಉಳಿದದ್ದು ಭವ್ಯವಾದ ತೊಲೆ, ಅದರಿಂದ ಇಳಿದ ಹಗ್ಗ, ತೊಟ್ಟಿಲು, ತೂಗುವ ರತ್ನ. ಅವಳು ಸಂತೋಷದಿಂದ ಅದನ್ನು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಮಹೇಶನೂ ಆ ಗುಂಪಿನಲ್ಲಿದ್ದ. ಕೆಲವು ವಾರಗಳಲ್ಲಿ ಮುಖ್ಯರಸ್ತೆಯ ಮೆಟ್ರೋ ಕಂಬಗಳ ಪಕ್ಕ ಬಡಾವಣೆಯ ಎರಡನೇ ಹಂತದ ದೊಡ್ಡ ಜಾಹೀರಾತು ಫಲಕ ಎದ್ದಿತು. ಅದರಲ್ಲಿ ಇದೇ ಚಿತ್ರ. ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದರು: ತಲೆಮಾರುಗಳ ಭಾರ ಹೊರುವ ತೊಲೆಗಳು!

ಮಹೇಶನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಹೊತ್ತವನು ನಾನು, ನನ್ನ ಹೆಗಲು, ನನ್ನ ಬೀಗರ ಹೆಗಲು, ಹೆಸರು ಮಾತ್ರ ನಿಮ್ಮ ಥರ್ಮಾಕೋಲಿಗೋ ಎಂದೆ. ಅವನು ಶಾಂತವಾಗಿ ಕೇಳಿಸಿಕೊಂಡು, "ಗೊತ್ತು ಸಾರ್, ಆದ್ರೆ ಫ್ರೇಮಲ್ಲಿ ನೀವು ಸೆಟ್ ಆಗ್ಲಿಲ್ಲ" ಎಂದ. ಕಾರ್ಯದರ್ಶಿಗಳಂತೂ ದಾರಿಯಲ್ಲಿ ಸಿಕ್ಕಿ, ತಮ್ಮ ಸೊಸೆಗೂ ದಿನ ತುಂಬಿದೆ, ತಾತಂದಿರು ಹೊರುವ ನಿಮ್ಮ ಹಳೇ ಪದ್ಧತಿಯ ಕ್ರಮ ಸ್ವಲ್ಪ ವಿವರವಾಗಿ ಹೇಳಿ, ಅದು ನಮ್ಮ ಹೆರಿಟೇಜ್ ಅಲ್ಲವೇ ಎಂದರು.

ಆ ಸಂಜೆ ಮನೆಯಲ್ಲಿ ಕೂಗಾಡುತ್ತಲೇ ಇದ್ದೆ. ರತ್ನ ನನ್ನನ್ನು ತೊಲೆಯ ಕೆಳಗೆ ಕೂರಿಸಿ, ಇನ್ನೂ ಹಿಡಿದುಕೊಂಡಿದ್ದ ಹೆಗಲಿಗೆ ನೋವಿನ ಎಣ್ಣೆ ತಿಕ್ಕತೊಡಗಿದಳು. ತಿಕ್ಕುತ್ತ ತಿಕ್ಕುತ್ತ ಬೆರಳಿನ ಗೆಣ್ಣಿನಿಂದ ಹೆಗಲನ್ನು ಮೆಲ್ಲಗೆ, ತೆಂಗಿನಕಾಯಿ ತಟ್ಟಿದಂತೆ, ತಟ್ಟಿದಳು.

"ಏನದು?" ಎಂದೆ.

"ಏನಿಲ್ಲ. ಮದುವೆಗೆ ಮುಂಚೆ ತಟ್ಟಿ ನೋಡಿರ್ಲಿಲ್ವಲ್ಲ, ಈಗ ನೋಡ್ತಿದೀನಿ."

ನನ್ನ ಕೋಪವೆಲ್ಲ ಇಳಿದುಹೋಯಿತು. ಸ್ವಲ್ಪ ಎದೆಯುಬ್ಬಿಸಿಯೇ ಕೇಳಿದೆ, "ಹೇಗಿದೆ ಮಾಲು?"

"ಹೆಗಲು ಗಟ್ಟಿ ಇದೆ ಕಣ್ರೀ" ಎಂದಳು ಎಣ್ಣೆಯ ಸೀಸೆಗೆ ಮುಚ್ಚಳ ಹಾಕುತ್ತ. "ತಲೆ ತಟ್ಟಿ ನೋಡೋಕೆ ಮಾತ್ರ ಧೈರ್ಯ ಬರ್ತಿಲ್ಲ."